ಹೆಬ್ಬೆಟ್ಟು ಮತ್ತು ಪದವೀಧರ

(ಜೂನ್ 2022. ಹುಣಸೂರಿನ ಟೀ ಅಂಗಡಿ. ವಿಧಾನ ಪರಿಷತ್ತಿನ ದಕ್ಷಿಣ ಪದವೀಧರ ಕ್ಷೇತ್ರದ ಎಣಿಕೆ ಮುಗಿದಿದೆ.)

ದೊಡ್ಡಪ್ಪ: ಏನ್ಲಾ ಮಗಾ, ಡಿಗ್ರಿ ಓದ್ದೋರ ವೋಟೇ ಸಾವಿರಗಟ್ಲೆ ಕೆಟ್ಟೋದ್ವಂತೆ?

ಮಗ: ಅದು ಪ್ರಾಶಸ್ತ್ಯ ಮತ ದೊಡ್ಡಪ್ಪ. ಬೂತಲ್ಲಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಲ್ಲೇ 1, 2, 3 ಅಂತ ಬರೀಬೇಕು. ರೈಟ್ ಮಾರ್ಕ್ ಹಾಕುದ್ರೆ ತಿರಸ್ಕೃತ. ಅಕ್ಷರದಲ್ಲಿ ‘ಒಂದು’ ಅಂದ್ರೂ ತಿರಸ್ಕೃತ. ಸೈನ್ ಮಾಡುದ್ರಂತೂ ಕೇಳ್ಲೇಬೇಡಿ.

ದೊಡ್ಡಪ್ಪ: ಸೈನ್ ಕಲ್ತಿದ್ದೇ ತಪ್ಪಾಯ್ತಲ್ಲ! ನಿಮ್ಮ ದೊಡ್ಡವ್ವ ಹೆಬ್ಬೆಟ್ಟು. 2020ರ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಸೀಲು ಗೆರೆ ದಾಟದಂಗೆ ಒತ್ತಿ, ಶಾಯಿ ಪಕ್ಕದೋನಿಗೆ ಮೆತ್ಕೊಳ್ದಂಗೆ ಮಡಿಚಿ ಹಾಕ್ಬಂದ್ಳು.

ಮಗ: ಸ್ಕಾಟ್ಲೆಂಡಲ್ಲಿ 2014ರಲ್ಲಿ ದೇಶ ಬೇರೆ ಆಗ್ಬೇಕಾ ಅಂತ ಕೇಳುದ್ರು. 36 ಲಕ್ಷ ವೋಟಲ್ಲಿ ಕೆಟ್ಟಿದ್ದು ಬರೀ 3,429.

ದೊಡ್ಡಪ್ಪ: ಅಲ್ಲಿ ಪದವೀಧರರೇ ಆಗಿರ್ಬೇಕು ಅಂತ ಕಾನೂನು ಇರ್ಲಿಲ್ಲ ಬುಡು. ನಮ್ಮೂರೇನು ಕಮ್ಮಿಯಾ? 2019ರ ಬೈ ಎಲೆಕ್ಷನ್‌ನಲ್ಲಿ ವೋಟ್ ಹಾಕ್ದೋರು ನೂರಕ್ಕೆ ಎಂಬತ್ತು ದಾಟಿದ್ರು. ಅದಿರ್ಲಿ, ಈ ಸಲ ನೀನು ಸರಿಯಾಗಿ ಬರುದ್ಯಾ?

ಮಗ: ಅವತ್ತು ಲೀವ್ ಕೊಟ್ಟಿದ್ರಲ್ಲ... ಇರ್ಪು ಫಾಲ್ಸ್‌ಗೆ ಹೋಗಿದ್ದೆ.

ದೊಡ್ಡಪ್ಪ: ಸದ್ಯ, ಒಂದು ಪೇಪರ್ ಉಳೀತು. ಟೀ ಕಾಸು ಕೊಡು.