ಬಂದದ್ದನ್ನು ಕಳಿಸಿದೆ, ಅಷ್ಟೆ

ಕಾಫಿ ಲೋಟ ಕೈಗೆ ಬರುವ ಮೊದಲೇ ಮೊಬೈಲಿನಲ್ಲಿ ದಿನದ ಪಡಿತರ ಬಂದಿರುತ್ತದೆ. ಒಂದು ರಾಜಕೀಯ, ಒಂದು ತಂತ್ರಜ್ಞಾನ, ಒಂದು ಜೋಕು, ಒಂದು ಸಂಸ್ಕೃತಿ. ಕಳಿಸಿದ ಮಹನೀಯರು ಓದಿದ್ದಾರೆಯೇ? ಛೆ, ಪುರುಸೊತ್ತೆಲ್ಲಿ? ಹಂಚುವ ಕೆಲಸವೇ ಮುಗಿಯುವುದಿಲ್ಲ.

ಇದು ನನ್ನ ಹೊಟ್ಟೆಯುರಿಯ ಮಾತಲ್ಲ. ಫೇಸ್‌ಬುಕ್‌ನಲ್ಲಿ ಹಂಚಿಕೆಯಾದ ಸುದ್ದಿಯ ಕೊಂಡಿಗಳಲ್ಲಿ ನೂರಕ್ಕೆ ಸುಮಾರು 75ನ್ನು ಹಂಚಿದವರು ತೆರೆದೇ ನೋಡಿರಲಿಲ್ಲ ಎಂದು 2024ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತಲೆಬರಹ ಕಂಡಿತು, ರಕ್ತ ಕುದಿಯಿತು, ಬೆರಳು ಒತ್ತಿತು. ತಲೆಗೆ ಇಲ್ಲಿ ಕೆಲಸವೇ ಇಲ್ಲ.

ಸಂತೆಯಲ್ಲಿ ಒಂದು ಬದನೆಕಾಯಿಯನ್ನು ನಾಲ್ಕು ಸಲ ತಿರುಗಿಸಿ, ತೂತು ಹುಡುಕಿ, ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಜನ ನಾವು. ಸುದ್ದಿಯನ್ನು ಮಾತ್ರ ಹುಳದ ಸಮೇತ ಊರಿಗೆಲ್ಲ ಬಡಿಸುತ್ತೇವೆ.

ಸಂಸ್ಕೃತಿಯನ್ನೇ ತೆಗೆದುಕೊಳ್ಳಿ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂದು ಯುನೆಸ್ಕೋ ಸಾರಿದೆಯಂತೆ. ಸಾರಿಲ್ಲ ಎಂದು ಯುನೆಸ್ಕೋ 2008ರಲ್ಲೇ ಹೇಳಿತ್ತು. ಹೇಳಿದರೇನು? ಪ್ರತಿ ಆಗಸ್ಟಿನಲ್ಲೂ ಆ ಪ್ರಶಸ್ತಿ ನಮಗೆ ಹೊಸದಾಗಿ ಸಿಗುತ್ತದೆ. ಇನ್ನು ಯಾರೋ ನಿನ್ನೆ ರಾತ್ರಿ ಹೊಸೆದ ನಾಲ್ಕು ಸಾಲಿಗೆ ಕೊನೆಯಲ್ಲಿ 'ಮಂಕುತಿಮ್ಮ' ಅಂಟಿಸಿದರೆ ಡಿವಿಜಿ, 'ಕೂಡಲಸಂಗಮದೇವ' ಅಂಟಿಸಿದರೆ ಬಸವಣ್ಣ. ಕಗ್ಗದ ಪುಸ್ತಕ ಮನೆಯ ಕಪಾಟಿನಲ್ಲೇ ಇರುತ್ತದೆ. ಕನ್ನಡಾಭಿಮಾನಿಗಳು ಅದನ್ನು ತೆರೆಯುವುದಿಲ್ಲ.

ತಂತ್ರಜ್ಞಾನ? 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ ಇತ್ತು. ನೆಲದಡಿ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತಿತ್ತು. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಆ ನೋಟನ್ನೇ ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಚಿಪ್ ಏನಾಯಿತು ಎಂದು ಹಂಚಿದವರಲ್ಲಿ ಒಬ್ಬರೂ ಕೇಳಲಿಲ್ಲ. ಎಂಜಿನಿಯರುಗಳೂ ಹಂಚಿದ್ದರು ಎಂಬುದು ಬೇರೆ ಮಾತು.

ಹಾಸ್ಯವೆಂದರೆ ಹೆಂಡತಿಯ ಮೇಲಿನ ಜೋಕು. ಮಾರ್ಚ್ 8ರಂದು ಮಾತ್ರ ಅದೇ ಬೆರಳಿನಿಂದ ಸ್ತ್ರೀಶಕ್ತಿಯ ಶ್ಲೋಕ.

ನಗುವಷ್ಟು ನಕ್ಕಾಯಿತು. ಇನ್ನು ಹೆಣದ ವಿಷಯ.

ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ಒಂದು ಜಾಗೃತಿ ಚಿತ್ರ ತಯಾರಾಯಿತು. ಅದರಲ್ಲಿ ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗಿ, ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಕೊನೆಯ ಭಾಗ ಕತ್ತರಿಸಿದರು. ಉಳಿದದ್ದು ಭಾರತದ ಮಕ್ಕಳ ಕಳ್ಳರ 'ಸಾಕ್ಷಿ'ಯಾಯಿತು. 2018ರ ಜುಲೈನಲ್ಲಿ, ಇಂಥ ವದಂತಿ ಎಲ್ಲೆಡೆ ಹೊಗೆಯಾಡುತ್ತಿದ್ದಾಗ, ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದ ಗೆಳೆಯರ ಗುಂಪೊಂದು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ವಾಟ್ಸ್ಆ್ಯಪ್ ಸುದ್ದಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ದಾರಿ ಕಟ್ಟಿ ಬಡಿದರು. ಸತ್ತವನು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಹಂಚಿದವರೆಲ್ಲ ಮಕ್ಕಳ ಮೇಲಿನ ಕಾಳಜಿಯಿಂದಲೇ ಹಂಚಿದ್ದರು, ಪಾಪ.

ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದೆಂದು ಮಿತಿ ತರುವುದಾಗಿ ಹೇಳಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆ ಎಂದಿತು. ನಮ್ಮ ವಿವೇಕವನ್ನು ನಂಬುವ ಧೈರ್ಯ ಅಮೆರಿಕದ ಕಂಪನಿಗೂ ಬರಲಿಲ್ಲ.

ನಮ್ಮ ಪಕ್ಷಗಳ ಧೈರ್ಯವೇ ಬೇರೆ. ಬೆಳಿಗ್ಗೆ ವೇದಿಕೆಯಲ್ಲಿ ಸುಳ್ಳುಸುದ್ದಿಯ ವಿರುದ್ಧ ಗುಡುಗು. ಸಂಜೆ ಸಾಮಾಜಿಕ ಜಾಲತಾಣದ ವಿಭಾಗಕ್ಕೆ ಹೊಸ ಪದಾಧಿಕಾರಿಗಳ ನೇಮಕ. ಸುಳ್ಳು ಯಾವಾಗಲೂ ಎದುರು ಪಕ್ಷದ್ದೇ. ನಮ್ಮದು 'ಜನಾಭಿಪ್ರಾಯ'.

ಸಿಕ್ಕಿಬಿದ್ದಾಗ ಎಲ್ಲರದ್ದೂ ಒಂದೇ ಮಂತ್ರ: ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ. ಮೆಚ್ಚುಗೆ ಬಂದರೆ ತನ್ನದು, ಪೊಲೀಸು ಬಂದರೆ ಯಾರದೋ.

ತಮಿಳು ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀಗಳೆಯುವ ಬರಹವೊಂದನ್ನು ಹೀಗೆಯೇ ಹಂಚಿದರು. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದಲಾಗಲಿಲ್ಲ ಎಂಬ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಓದಲು ಕಾಣದ ಕಣ್ಣಿಗೆ ಹಂಚುವ ಗುಂಡಿ ಮಾತ್ರ ಕಂಡಿತ್ತು. ಹಂಚುವುದೆಂದರೆ ಒಪ್ಪಿದಂತೆ ಎಂದು ಮದ್ರಾಸ್ ಹೈಕೋರ್ಟ್ ಮೊದಲೇ ಹೇಳಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಪ್ರಕರಣ ರದ್ದುಪಡಿಸಲು ಒಪ್ಪಲಿಲ್ಲ. ಮರುವರ್ಷ ಚೆನ್ನೈನ ನ್ಯಾಯಾಲಯ ಒಂದು ತಿಂಗಳ ಸಜೆ ವಿಧಿಸಿತು.

ಈ ದೇಶದಲ್ಲಿ ಜನ ಕೊನೆಯ ಸಾಲಿನವರೆಗೂ ಓದುವ ಬರಹ ಒಂದೇ ಉಳಿದಿದೆ. ಅದು ತಮ್ಮ ಹೆಸರಿಗೆ ಬಂದ ಸಮನ್ಸು.