ಹದಿನಾರ್ ಹದಿನಾರ್ಲ

"ಏಳೆಂಟ್ಲ ಎಷ್ಟು?" ಎಂದು ಯಾರಾದರೂ ತಟ್ಟನೆ ಕೇಳಿದರೆ ನಾನು ಇವತ್ತಿಗೂ ಉತ್ತರ ಹೇಳುವುದಿಲ್ಲ, ಹಾಡುತ್ತೇನೆ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ಮನಸ್ಸಿನಲ್ಲೇ ಒಂದೊಂದೇ ಮೆಟ್ಟಿಲು ಹತ್ತಿ ಎಂಟನೆಯದರ ಮೇಲೆ ನಿಂತರೇ ಐವತ್ತಾರು ಕಾಣುವುದು. ಅಷ್ಟರಲ್ಲಿ ಕೇಳಿದವರು ಮೊಬೈಲಿನಲ್ಲಿ ಲೆಕ್ಕ ಮುಗಿಸಿ ಜೇಬಿಗಿಟ್ಟುಕೊಂಡಿರುತ್ತಾರೆ.

ತಪ್ಪು ನನ್ನದಲ್ಲ. ಚಳ್ಳಕೆರೆಯ ನಮ್ಮ ಮನೆಯಲ್ಲಿ ಮಗ್ಗಿ ಸೇರಿದ್ದು ಭಜನೆಯ ಖಾತೆಗೆ. ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು, ಶೇಂಗಾ ಚೀಲಗಳಿಗೆ ಒರಗಿ ಸಾಲಾಗಿ ಕೂತು, ಎರಡರಿಂದ ಇಪ್ಪತ್ತರವರೆಗೆ ಒಪ್ಪಿಸದೆ ಮುದ್ದೆ ತಟ್ಟೆಗೆ ಬೀಳುತ್ತಿರಲಿಲ್ಲ. ಎಣ್ಣೆ ಮಿಲ್ಲುಗಳ ಊರು. ಹಿಂಡಿಯ ವಾಸನೆ ಬೇರೆ ಹಸಿವನ್ನು ಕೆರಳಿಸುತ್ತಿತ್ತು. ಈಗಲೂ ಹದಿಮೂರರ ಮಗ್ಗಿ ನೆನೆದರೆ ಹೊಟ್ಟೆ ಚುರುಗುಟ್ಟುತ್ತದೆ.

ಮಗ್ಗಿಗಳಿಗೂ ಒಂದೊಂದು ಸ್ವಭಾವ. ಐದು, ಹತ್ತು ಪಾಪದವು. ಹದಿನೈದಂತೂ ತಾನೇ ಹಾಡಿಸಿಕೊಂಡು ಹೋಗುತ್ತದೆ. ಹತ್ತೊಂಬತ್ತು ನೋಡಲು ಪೈಲ್ವಾನ, ಒಳಗೆ ಟೊಳ್ಳು: ಒಂದು, ಮೂರು, ಐದು ಎಂದು ಮೇಲಿನಿಂದ ಕೆಳಗೆ ಬರೆದು, ಪಕ್ಕದಲ್ಲಿ ಒಂಬತ್ತು, ಎಂಟು, ಏಳು ಎಂದು ಇಳಿಸಿದರೆ ಸಾಕು, 19, 38, 57 ತಾವಾಗಿ ಕೈಕಟ್ಟಿ ನಿಲ್ಲುತ್ತವೆ. ಹದಿನೇಳು ಮಾತ್ರ ಯಾವ ಉಪಾಯಕ್ಕೂ ಬಗ್ಗದು. "ಹದಿನೇಳೆಂಟ್ಲ" ಬಂದಾಗ ನಾನು ಬರೀ ತುಟಿ ಆಡಿಸುತ್ತಿದ್ದೆ. ಪಕ್ಕದಲ್ಲಿ ಕೂತ ಅಣ್ಣನ ನೂರಾ ಮೂವತ್ತಾರು ನನ್ನ ಲೆಕ್ಕಕ್ಕೂ ಜಮೆಯಾಗುತ್ತಿತ್ತು.

ಅಜ್ಜನ ಪ್ರೀತಿಯೆಲ್ಲ ಹದಿನಾರರ ಮೇಲೆ. ಅವರ ಕಾಲದಲ್ಲಿ ರೂಪಾಯಿಗೆ ಹದಿನಾರಾಣೆ. 1957ರಲ್ಲಿ ರೂಪಾಯಿಗೆ ನೂರು ನಯಾಪೈಸೆ ಆಯಿತೆಂಬ ಸುದ್ದಿ ಅವರಿಗೆ ತಲುಪಿತ್ತು, ಒಪ್ಪಿಗೆಯಾಗಿರಲಿಲ್ಲ. ಮಿಕ್ಕ ಮಗ್ಗಿಗಳು ಹತ್ತಕ್ಕೆ ನಿಂತರೂ ಹದಿನಾರನ್ನು ಮಾತ್ರ ಹದಿನಾರರವರೆಗೂ ಎಳೆಯಬೇಕು.

"ಹದಿನಾರು ರೂಪಾಯಿಗೆ ಎಷ್ಟಾಣೆಲಾ?"

"ಇನ್ನೂರೈವತ್ತಾರು ಅಜ್ಜಾ."

"ಹದಿನಾರಾಣೆ ಸರಿ. ಉಣ್ಣು ಹೋಗು."

ಚಲಾವಣೆಯಲ್ಲೇ ಇಲ್ಲದ ದುಡ್ಡಿನ ಲೆಕ್ಕ ಯಾವ ಸಂತೆಗೆ ಎಂದು ಗೊಣಗುತ್ತಲೇ ಉಣ್ಣುತ್ತಿದ್ದೆ.

ರಜೆ ಬಂತೆಂದರೆ ತಳಕು, ಹಾನಗಲ್ ದಾಟಿ ಮೊಳಕಾಲ್ಮೂರಿನ ಮಾವನ ಮನೆ. ಅಲ್ಲಿ ಮಗ್ಗಿ ಕೇಳುವವರಿಲ್ಲ, ಮಗ್ಗದ ಸದ್ದು ಮಾತ್ರ. ಮಗ್ಗ ಗಂಡ, ಮಗ್ಗಿ ಅವನ ಹೆಂಡತಿ ಎಂದು ಬಹಳ ದಿನ ನಂಬಿದ್ದೆ. ಮಾವ ರೇಷ್ಮೆ ಸೀರೆಯ ಅಂಚಿಗೆ ನವಿಲು ಕೂರಿಸುವಾಗ ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. "ಮಾವ, ಎಳೆ ಎಣಿಸಲ್ವಾ?" ಎಂದೆ. "ಬಾಯಾಗೆ ಎಣಿಸಿದ್ರೆ ನವಿಲು ಕುಂಟ್ತೈತಪ್ಪಾ. ಕೈಗೇ ಬರಬೇಕು" ಎಂದರು. ನಡುವಿನ ಎಳೆ ಹಾರಿಸಿ ಮುಂದಿನ ಎಳೆ ಕೂರಿಸಲು ಅವರಿಗೂ ಆಗುತ್ತಿರಲಿಲ್ಲ. ನನ್ನ ಏಳೆಂಟ್ಲದ ಕಥೆಯೂ ಅದೇ ಅಲ್ಲವೇ ಎಂದು ಸಮಾಧಾನವಾಯಿತು.

ಹೋದ ವರ್ಷ ಮೊಮ್ಮಗಳನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದೊಯ್ದೆ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಅದನ್ನು ಬರೆದ ಚಪಡ ಎಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಉಲ್ಟಾ ಮಗ್ಗಿ ಒಪ್ಪಿಸಿ ಮೇಷ್ಟ್ರ ಕಡೆ ನೋಡುವ ಜಾಣ ಹುಡುಗರ ಜಾತಿ. ಅದೇ ಶಾಸನದಲ್ಲಿ ಒಂದು ಸಂಖ್ಯೆಯೂ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎನ್ನುತ್ತಾರೆ ಹಲವು ವಿದ್ವಾಂಸರು. ಸೊನ್ನೆಯ ಹಂಗಿಲ್ಲದೆ ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಗುರುತು: 256.

"ಹದಿನಾರ್ ಹದಿನಾರ್ಲ!" ಎಂದು ಕೂಗಿಯೇಬಿಟ್ಟೆ. ಅಜ್ಜನ ಚಲಾವಣೆಯಿಲ್ಲದ ಲೆಕ್ಕ ಎರಡು ಸಾವಿರ ವರ್ಷಕ್ಕೂ ಹಿಂದಿನ ಬಂಡೆಯ ಮೇಲೆ ಹದಿನಾರಾಣೆ ಸರಿಯಾಗಿ ಕೂತಿತ್ತು.

ಮೊಮ್ಮಗಳು ಕಣ್ಣರಳಿಸಿದಳು. "ಅಷ್ಟು ದೊಡ್ಡದು ಬಾಯಲ್ಲೇ ಬರುತ್ತಾ ತಾತ? ಹಾಗಾದ್ರೆ ಏಳೆಂಟ್ಲ?"

ನಾನು ಬೆಟ್ಟದ ಕಡೆ ತಿರುಗಿ ಮೆಲ್ಲಗೆ ಶುರುಮಾಡಿದೆ. ಏಳೊಂದ್ಲ ಏಳು...