ಹನ್ನೆರಡರ ಮಗ್ಗಿ

ಡೆನ್ಮಾರ್ಕಿನ ನೆಲದ ಮೇಲೆ ನಮ್ಮವರು ಆಡಿದ ಮೊದಲ ಮಾತು "ಮುನ್ನೂರ ಅರವತ್ತು." ರೀಬೆ ಎಂಬ ಊರಿನ ಬೇಕರಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ದಾಲ್ಚಿನ್ನಿ ಬನ್ನಿನ ಎದುರು ನಿಂತು ಆಡಿದ್ದು. ಅಲ್ಲಿನವರು ಅದನ್ನು ದಾಲ್ಚಿನ್ನಿ ಬಸವನಹುಳು ಅನ್ನುತ್ತಾರೆ. ಬೆಲೆ ಮೂವತ್ತು ಕ್ರೋನ್. ಕ್ರೋನಿಗೆ ಹನ್ನೆರಡು ರೂಪಾಯಿಯ ಲೆಕ್ಕ. "ಒಂದು ಹುಳಕ್ಕೆ ಮುನ್ನೂರ ಅರವತ್ತು ಕಣೇ!" ಅಂದರು. ಕೌಂಟರಿನ ಹುಡುಗಿ ನಗುಮೊಗದಿಂದ ಕಾಯುತ್ತಲೇ ಇದ್ದಳು. ನಾವು ಹೊರಗೆ ಬಂದೆವು. ಹೊರಗೆ ಮಳೆ.

ಇಂಥವರನ್ನು ನಾನು ಗುಣಾಕಾರದ ಗಂಡಂದಿರು ಎಂದು ಕರೆಯುತ್ತೇನೆ. ನೀವೂ ವಿಮಾನ ನಿಲ್ದಾಣಗಳಲ್ಲಿ ನೋಡಿರುತ್ತೀರಿ. ಬೆಲೆಪಟ್ಟಿಯ ಮುಂದೆ ಕೈಕಟ್ಟಿ ನಿಂತಿರುತ್ತಾರೆ, ತುಟಿ ಸಣ್ಣಗೆ ಅಲುಗುತ್ತಿರುತ್ತದೆ. ದೂರದಿಂದ ನೋಡಿದವರಿಗೆ ಗಾಯತ್ರಿ ಜಪದಂತೆ ಕಾಣುತ್ತದೆ. ಅದು ಮಗ್ಗಿ. ಇಂಥವರು ಹೊರಗೆ ಏನನ್ನೂ ತಿನ್ನುವುದಿಲ್ಲ, ಹೆಂಡತಿ ತಿಂದರೆ ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ನಿಂತು ಒಂದು ಸಂಖ್ಯೆ ಹೇಳುತ್ತಾರೆ, ಅಷ್ಟೆ. ಆಮೇಲೆ ಗಂಟಲಲ್ಲಿ ಏನು ಇಳಿಯುತ್ತದೆ ಹೇಳಿ.

ನಮ್ಮದು ಆರು ದಿನದ ಪ್ರವಾಸ. ಹ್ಯಾಂಬರ್ಗಿನಲ್ಲಿರುವ ಮಗಳು ತನ್ನ ಹಳೇ ಕಾರು ಕೊಟ್ಟು, "ಅಪ್ಪ, ಅಮ್ಮನಿಗೆ ಒಂದು ಕಾಫಿನಾದರೂ ಕೊಡಿಸಿ," ಅಂತ ಹೇಳಿ ಕಳಿಸಿದಳು. ಇವರು ಸಹಕಾರಿ ಬ್ಯಾಂಕೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೆರಡು ವರ್ಷ ಕೂತು ಎದ್ದವರು. ಡಿಕ್ಕಿಯಲ್ಲಿ ಅವಲಕ್ಕಿ, ಹುಣಿಸೆಗೊಜ್ಜು, ಚಟ್ನಿಪುಡಿ, ಬಿಸಿನೀರಿನ ಕೆಟಲ್. ಅಕ್ಟೋಬರ್ ತಿಂಗಳನ್ನು ಆರಿಸಿದ್ದೂ ಇವರೇ, ಬಾಡಿಗೆ ಕಡಿಮೆ ಅಂತ. ಬಾಡಿಗೆ ಯಾಕೆ ಕಡಿಮೆ ಅನ್ನುವುದು ಗಡಿ ದಾಟಿದ ಹತ್ತು ನಿಮಿಷಕ್ಕೆ ತಿಳಿಯಿತು.

ನಾನು ಸಾಗರದ ಕಡೆಯವಳು. ಮಳೆ ನನಗೆ ಹೊಸದಲ್ಲ. ಆದರೆ ನಮ್ಮೂರ ಮಳೆ ಮೇಲಿನಿಂದ ಬೀಳುತ್ತದೆ. ಡೆನ್ಮಾರ್ಕಿನದು ಪಕ್ಕದಿಂದ ಬರುತ್ತದೆ, ಸಮುದ್ರದ ಗಾಳಿಯ ಹೆಗಲೇರಿ. ಮೈಸೂರಿನಿಂದ ತಂದ ಕೊಡೆ ರೀಬೆಯಲ್ಲೇ ಕಮಲದ ಹೂವಾಯಿತು. ರೀಬೆ ಡೆನ್ಮಾರ್ಕಿನ ಅತ್ಯಂತ ಹಳೆಯ ಪಟ್ಟಣ. ಅಲ್ಲಿ ಹೊಳೆದಂಡೆಯಲ್ಲಿ ಒಂದು ಕಂಬ ನಿಲ್ಲಿಸಿ, ಯಾವ ವರ್ಷದ ನೆರೆ ಎಲ್ಲಿಯವರೆಗೆ ಏರಿತ್ತು ಅಂತ ಗುರುತು ಹಾಕಿದ್ದಾರೆ. 1634ರದ್ದು ಎಲ್ಲಕ್ಕಿಂತ ಮೇಲೆ, ಆಳೆತ್ತರಕ್ಕೂ ಎಷ್ಟೋ ಮೇಲೆ. ಇವರು ಅದನ್ನು ಕತ್ತೆತ್ತಿ ನೋಡಿ, "ನೀನು ಈ ತುಂತುರಿಗೆ ಗೊಣಗುತ್ತೀಯ," ಅಂದರು. ಕಂಬ ನೋಡಲು ಟಿಕೆಟ್ಟಿರಲಿಲ್ಲ. ಹಾಗಾಗಿ ಅರ್ಧ ಗಂಟೆ ನೋಡಿದೆವು.

ರಾತ್ರಿ ವಾಸ ಕ್ಯಾಂಪಿಂಗ್ ಜಾಗಗಳ ಮರದ ಗುಡಿಸಲುಗಳಲ್ಲಿ. ಹಾಸಿಗೆ ಇರುತ್ತದೆ, ಹೊದಿಕೆ ನಮ್ಮದು. ಹೊರಡುವಾಗ ನಾವೇ ಗುಡಿಸಿ ಒರೆಸಿಟ್ಟರೆ ಸ್ವಚ್ಛತೆಯ ದುಡ್ಡು ಉಳಿಯುತ್ತದೆ. ಮನೆಯಲ್ಲಿ ಪೊರಕೆ ಎಲ್ಲಿದೆಯೆಂದು ಗೊತ್ತಿಲ್ಲದ ಮನುಷ್ಯ ಅಲ್ಲಿ ಮಂಡಿಯೂರಿ ನೆಲ ಒರೆಸಿದರು. ಸ್ನಾನದ ಬಿಸಿನೀರಿಗೂ ಕಾಸು ಹಾಕಬೇಕು, ಎಣಿಸಿದಷ್ಟು ನಿಮಿಷ ಬರುತ್ತದೆ. "ಒಣ ಮೈಗೇ ಸೋಪು ಹಚ್ಚಿಕೋ, ಕಾಸು ಆಮೇಲೆ ಹಾಕು," ಅಂತ ಬಾಗಿಲ ಹೊರಗಿನಿಂದ ನಿರ್ದೇಶನ!

ಓಡೆನ್ಸೆಯಲ್ಲಿ ಮಾತ್ರ ನಾನು ಹಟ ಮಾಡಿದೆ. ಮಗಳಿಗೆ ಚಿಕ್ಕಂದಿನಲ್ಲಿ ನಾನು ಓದಿ ಹೇಳಿದ ಕುರೂಪಿ ಬಾತುಕೋಳಿಯ ಕತೆ ಬರೆದ ಆಂಡರ್ಸನ್ ಹುಟ್ಟಿದ್ದು ಆ ಊರಲ್ಲಿ, 1805ರಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು, ಅಮ್ಮ ಬಟ್ಟೆ ಒಗೆಯುವವಳು. ಅವನು ಹುಟ್ಟಿದ್ದೆನ್ನುವ ಪುಟ್ಟ ಹಳದಿ ಮನೆಗೆ ಹೊಂದಿಕೊಂಡು ಜಪಾನಿನ ಕೆಂಗೊ ಕುಮಾ ಎಂಬ ವಾಸ್ತುಶಿಲ್ಪಿ ಕಟ್ಟಿದ ಹೊಸ ಮ್ಯೂಸಿಯಂ 2021ರಲ್ಲಿ ತೆರೆದಿದೆ. ಇವರು ಟಿಕೆಟಿನ ದರ ನೋಡಿ ತುಟಿ ಅಲುಗಿಸಿ, "ನೀನು ನೋಡಿಕೊಂಡು ಬಾ, ಆಮೇಲೆ ನನಗೆ ಹೇಳು," ಅಂದರು. ಒಂದು ಟಿಕೆಟ್ಟಿನಲ್ಲಿ ಇಬ್ಬರ ಜ್ಞಾನಾರ್ಜನೆ. ಹೊರಗೆ ಬಂದಾಗ ಸೂರಿನಡಿ ಕೂತು ಗೊಜ್ಜವಲಕ್ಕಿ ತಿನ್ನುತ್ತಿದ್ದರು. ಆಂಡರ್ಸನ್ನನಿಗೆ ಬೆಂಕಿಯ ಭಯವಿತ್ತು, ಹೋಟೆಲಿಗೆ ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿಯಲಿಕ್ಕೆ ಅಂತ ಹೋದಲ್ಲೆಲ್ಲ ಒಂದು ಹಗ್ಗ ಒಯ್ಯುತ್ತಿದ್ದ ಎಂದು ಹೇಳಿದೆ. ಬಹಳ ಮೆಚ್ಚಿಕೊಂಡರು. "ನೋಡು, ಮನೆಯಿಂದಲೇ ಒಯ್ಯುತ್ತಿದ್ದ!"

ಅಲ್ಲಿಂದ ಕೋಪನ್‌ಹೇಗನ್ನಿಗೆ ಹೋಗಲು ಸಮುದ್ರ ದಾಟಬೇಕು. 1998ರಲ್ಲಿ ತೆರೆದ ಸುಮಾರು ಹದಿನೆಂಟು ಕಿಲೋಮೀಟರಿನ ಸೇತುವೆ, ಸುಂಕ ಆಗ ಇನ್ನೂರೈವತ್ತು ಕ್ರೋನಿನ ಆಸುಪಾಸು. "ಮೂರು ಸಾವಿರ. ಕಿಲೋಮೀಟರಿಗೆ ನೂರ ಅರವತ್ತಾರು ಚಿಲ್ಲರೆ," ಎಂದರು. ಅಷ್ಟು ಕೊಡಬೇಕಾದ ಮೇಲೆ ಬೇಗ ದಾಟಿದರೆ ನಷ್ಟವೆಂದು ನಿಧಾನಕ್ಕೆ ಓಡಿಸಿದರು. ಮಂಜು ಕವಿದು ಸಮುದ್ರವೂ ಕಾಣಲಿಲ್ಲ, ಸೇತುವೆಯೂ ಕಾಣಲಿಲ್ಲ. ಮುಂದಿನ ಲಾರಿಯ ಹಿಂದೀಪ ಎರಡು ಕಂಡವು. ಕೋಪನ್‌ಹೇಗನ್ ಬಗ್ಗೆ ಹೇಳುವುದು ಕಡಿಮೆ. ದಂಡೆಯ ಬಂಡೆಯ ಮೇಲೆ 1913ರಿಂದ ಕೂತಿರುವ ಮತ್ಸ್ಯಕನ್ಯೆ ಒಂದೂಕಾಲು ಮೀಟರ್ ಎತ್ತರದವಳು. ಟಿಕೆಟ್ಟಿಲ್ಲದ ಕಾರಣ ನಮ್ಮವರ ಮಟ್ಟಿಗೆ ಅದು ದೇಶದ ಶ್ರೇಷ್ಠ ಕಲಾಕೃತಿ. ನಾವೂ ಅವಳಷ್ಟೇ ನೆನೆದು ಫೋಟೋ ತೆಗೆಸಿಕೊಂಡೆವು.

ಒಪ್ಪಿಕೊಳ್ಳುತ್ತೇನೆ, ನಾನೇನೂ ಸಾಚಾ ಅಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಎರಡು ರೂಪಾಯಿಗೆ ಸೊಪ್ಪಿನವಳ ಹತ್ತಿರ ಕಾಲು ಗಂಟೆ ವಾದ ಮಾಡುವವಳು. ಆದರೂ ಕಾಫಿಯ ಅಂಗಡಿ ಬಂದಾಗಲೆಲ್ಲ ಇವರ ಮೇಲೆ ಉರಿದು ಬೀಳುತ್ತಿದ್ದೆ. ಆರ್ಹುಸ್ ಊರಿನ ತನಕ.

ಆರ್ಹುಸಿನಲ್ಲಿ ಬಂದರಿನ ಪಕ್ಕ ಡೊಕ್ ವನ್ ಅಂತ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಪ್ರವೇಶ ಪುಕ್ಕಟೆ, ಒಳಗೆ ಬೆಚ್ಚಗೆ. ಇವರಿಗೆ ಸ್ವರ್ಗ ಸಿಕ್ಕಿದಂತಾಯಿತು. ಮೆಟ್ಟಿಲ ಮೇಲೆ ಕೂತು ಕಾಲುಚೀಲ ಹಿಂಡಿಕೊಳ್ಳುತ್ತಿದ್ದಾಗ ತಲೆಯ ಮೇಲೆ ತೂಗುಬಿದ್ದಿದ್ದ ಭಾರೀ ಲೋಹದ ಕೊಳವೆಯೊಂದು ಢಣ್ ಎಂದು ಮೊಳಗಿತು. ದೇವಸ್ಥಾನದ ಗಂಟೆಯಂತೆ, ಇನ್ನೂ ತಗ್ಗಿದ ದನಿ. ಬದಿಯ ಹೆಂಗಸು ವಿವರಿಸಿದಳು: ಊರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಅಪ್ಪ ಅಮ್ಮ ಅಲ್ಲೊಂದು ಗುಂಡಿ ಒತ್ತುತ್ತಾರೆ, ಇಲ್ಲಿ ಗಂಟೆ ಮೊಳಗುತ್ತದೆ. ಹೆರಿಗೆಗೆ ಎಷ್ಟಾಗುತ್ತದೆ ಎಂದು ಇವರು ಕೇಳಿಯೇಬಿಟ್ಟರು. ಏನೂ ಇಲ್ಲ, ಎಲ್ಲ ತೆರಿಗೆಯಲ್ಲೇ ಎಂದಳು.

ಸೊನ್ನೆಯನ್ನು ಹನ್ನೆರಡರಿಂದ ಗುಣಿಸಲು ಇವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಪುಟ್ಟಿ ಹುಟ್ಟಿದಾಗ ಎರಡು ಸಾವಿರದ ನಾನೂರ ಐವತ್ತಾಗಿತ್ತು," ಅಂದರು ಕಾಲುಚೀಲ ನೋಡುತ್ತ. "ಐನೂರು ಕಡಿಮೆ ಬಿದ್ದಿತ್ತು. ವಾಚು ಇಟ್ಟಿದ್ದೆ."

ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಎಚ್‌ಎಂಟಿ ವಾಚು ಅದು. ಬಸ್ಸಿನಲ್ಲಿ ಕಳೆದುಹೋಯಿತು ಅಂತ ಆಗ ಹೇಳಿದ್ದರು. ಒಂದು ವಸ್ತು ಜೋಪಾನ ಮಾಡಲು ಬರುವುದಿಲ್ಲ ಅಂತ ಬಾಣಂತಿಯಾಗಿದ್ದ ನಾನು ತಿಂಗಳುಗಟ್ಟಲೆ ಹಂಗಿಸಿದ್ದೆ. ಈಗ ಏನು ಹೇಳಬೇಕೆಂದು ಹುಡುಕುತ್ತಿದ್ದೆ, ಅಷ್ಟರಲ್ಲಿ ಇವರೇ ಎದ್ದು, "ಶೌಚಾಲಯವೂ ಪುಕ್ಕಟೆ, ಹೋಗಿ ಬಂದುಬಿಡು," ಅಂದರು.

ವಾಪಸಾಗುವಾಗ ಕೋಲ್ಡಿಂಗಿನಲ್ಲಿ ಕೊನೆಯ ನಾಟಕ. ಆ ದೇಶದಲ್ಲಿ ಖಾಲಿ ಬಾಟಲಿಯನ್ನು ಅಂಗಡಿಯ ಮೆಷಿನ್ನಿಗೆ ಹಾಕಿದರೆ ಠೇವಣಿ ಹಿಂದಿರುಗುತ್ತದೆ: ಗಾತ್ರ, ಬಗೆ ನೋಡಿ ಒಂದು, ಒಂದೂವರೆ, ಮೂರು ಕ್ರೋನ್. ಇದು ತಿಳಿದ ದಿನದಿಂದ ಹಿಂದಿನ ಸೀಟು ಗುಜರಿ ಅಂಗಡಿಯಾಗಿತ್ತು. ಜರ್ಮನಿಯಿಂದ ಒಯ್ದ ಬಾಟಲಿಗಳನ್ನು ಮೆಷಿನ್ನು ಒಪ್ಪಲಿಲ್ಲ. ಇವರು ಒರೆಸಿ ಹಾಕಿದರು, ತಿರುಗಿಸಿ ಹಾಕಿದರು, ಸೆರಗಿನಿಂದ ಒಣಗಿಸು ಎಂದು ನನಗೆ ಕೊಟ್ಟರು. ಅದು ಪ್ರತಿ ಸಲವೂ ಹೊರಗೆ ನೂಕಿತು. ಹಿಂದೆ ಆರು ಜನ ಸಾಲು. ಕೊನೆಗೆ ಹನ್ನೊಂದು ಡ್ಯಾನಿಶ್ ಬಾಟಲಿ ನುಂಗಿ ಚೀಟಿ ಕೊಟ್ಟಿತು. ಆ ಚೀಟಿಯನ್ನು ಅದೇ ಅಂಗಡಿಯ ಕೌಂಟರಿನಲ್ಲಿ ನಗದು ಮಾಡಿಸಬೇಕು. ಅಲ್ಲಿ ಇನ್ನೂ ಉದ್ದ ಸಾಲು. ಹೊರಗೆ ಕಾರಿನ ಗಾಜಿಗಿಟ್ಟ ಪಾರ್ಕಿಂಗ್ ಬಿಲ್ಲೆಯ ಪ್ರಕಾರ ಪುಕ್ಕಟೆ ಹೊತ್ತು ಮುಗಿಯಲು ಮೂರು ನಿಮಿಷ. ಮೀರಿದರೆ ದಂಡ ನೂರಾರು ಕ್ರೋನ್. ಒಂದು ಉಳಿತಾಯ ಇನ್ನೊಂದರ ಕುತ್ತಿಗೆ ಹಿಡಿದದ್ದನ್ನು ಅವತ್ತು ನೋಡಿದೆ. ಇವರು ಚೀಟಿ ನೋಡಿದರು, ಬಾಗಿಲು ನೋಡಿದರು, ಮಳೆಯಲ್ಲಿ ಓಡಿದರು.

ಆ ಚೀಟಿ ಈಗ ಮೈಸೂರಿನಲ್ಲಿ ನನ್ನ ಕುಂಕುಮದ ಬಟ್ಟಲಿನ ಕೆಳಗಿದೆ. ಹತ್ತೊಂಬತ್ತೂವರೆ ಕ್ರೋನ್. ಇನ್ನೂರ ಮೂವತ್ತನಾಲ್ಕು ರೂಪಾಯಿ. ಗುಣಿಸಿದವಳು ನಾನೇ.